ಮುಗಿಯಿತು ಎಂದ ಮೇಲಿನ ಹದಿನಾರು ಪುಟ

ನಮ್ಮ ಸಿಂಚನಳಿಗೆ ಫಸ್ಟ್ ಪ್ರೈಜ್ ಬಂದಿದೆ. ಮೊದಲು ಇದನ್ನು ಹೇಳಿಬಿಡುತ್ತೇನೆ, ಮಿಕ್ಕಿದ್ದೆಲ್ಲ ಆಮೇಲೆ. ಮಲ್ಲೇಶ್ವರದ ಒಂದು ಶಾಲೆಯಲ್ಲಿ ಸ್ಪರ್ಧೆ, ಎಲ್ಲೆಲ್ಲಿಯ ಮಕ್ಕಳೋ ಬಂದಿದ್ದರು. ಓದಿದ ಒಂದು ಪುಸ್ತಕದ ಬಗ್ಗೆ ಹತ್ತು ನಿಮಿಷ, ಕೈಯಲ್ಲಿ ಚೀಟಿ ಇಲ್ಲದೆ, ಕನ್ನಡದಲ್ಲೇ ಮಾತಾಡಬೇಕು. ನನ್ನ ಮೊಮ್ಮಗಳಿಗೆ ಹದಿಮೂರು ವರ್ಷ. ಎರಡು ವರ್ಷದ ಹಿಂದೆ ಕನ್ನಡ ಪಾಠದ ಒಂದು ಸಾಲು ಓದುವುದಕ್ಕೆ ನನ್ನ ಹಾಗೆಯೇ ಬೆರಳಿಟ್ಟು ಎಳೆಯುತ್ತಿದ್ದಳು. ಅವಳು ಇವತ್ತು ಮೈಕಿನ ಮುಂದೆ ನಿಂತು ತಡವರಿಸದೆ ಮಾತಾಡಿದಳು. ನಾನು ಮೂರನೇ ಸಾಲಿನಲ್ಲಿ ಸೆರಗು ಬಾಯಿಗೆ ಒತ್ತಿಕೊಂಡು ಕೂತಿದ್ದೆ. ಹೆಸರು ಕರೆದಾಗ ಚಪ್ಪಾಳೆ ತಟ್ಟುವುದನ್ನೇ ಮರೆತೆ. ಸಂಪಿಗೆ ರಸ್ತೆಯಲ್ಲಿ ಮೆಟ್ರೋ ಹತ್ತಿ ಮಾರ್ಕೆಟ್ಟಿನಲ್ಲಿ ಇಳಿಯುವಷ್ಟರಲ್ಲಿ ಪಕ್ಕದಲ್ಲಿ ಕೂತ ಗುರುತಿಲ್ಲದ ಹೆಂಗಸಿಗೂ ಹೇಳಿಯಾಗಿತ್ತು. "ಅಜ್ಜಿ, ಸಾಕು ಸುಮ್ನಿರು" ಎಂದು ಸಿಂಚನ ನನ್ನ ಕೈ ಚಿವುಟಿದಳು. ಆ ಹೆಂಗಸು ನಕ್ಕು, "ಹೇಳ್ಕೊಳ್ಲಿ ಬಿಡು ಪುಟ್ಟಿ, ಅಜ್ಜಿ ಅಲ್ವಾ" ಎಂದಳು.

ಅವಳು ಮಾತಾಡಿದ ಪುಸ್ತಕ ನಮ್ಮದಲ್ಲ. ಚಾಮರಾಜಪೇಟೆಯ ನಮ್ಮ ವಠಾರದಲ್ಲಿ ಪಕ್ಕದ ಮನೆಯಲ್ಲಿದ್ದವರದ್ದು. ಕರೆಂಟ್ ಆಫೀಸಿನಲ್ಲಿ ಮೀಟರ್ ಓದುವ ಕೆಲಸ ಮಾಡುತ್ತಿದ್ದರು. ವಠಾರದ ಮಕ್ಕಳಿಗೆಲ್ಲ ಮೀಟರ್ ಮಾಮ. ನನಗೆ ಅಣ್ಣ. ಹೋದ ಶ್ರಾವಣದಲ್ಲಿ ತೀರಿಕೊಂಡರು. ಸಂತೋಷದ ಸುದ್ದಿ ಬರೆದಿಡೋಣ ಎಂದು ಮಧ್ಯಾಹ್ನ ಸಿಂಚನಳ ಹಳೇ ನೋಟ್‌ಬುಕ್ ತೆಗೆದುಕೊಂಡು ಕೂತರೆ, ಅವರೇ ಎದುರಿಗೆ ಬಂದು ಕೂತ ಹಾಗಾಯಿತು. ಅದಕ್ಕೇ ಅವರ ವಿಷಯವನ್ನೇ ಬರೆಯುತ್ತೇನೆ. ನಾನು ಎರಡನೇ ಕ್ಲಾಸಿಗೆ ಸ್ಕೂಲು ಬಿಟ್ಟವಳು, ಓದು ಬರಹವೆಲ್ಲ ಆಮೇಲೆ ನಿಧಾನವಾಗಿ ಕೂಡಿಸಿಕೊಂಡದ್ದು. ತಪ್ಪಿದ್ದರೆ ಸಿಂಚನ ತಿದ್ದಿ ಕೊಡುತ್ತೇನೆ ಎಂದಿದ್ದಾಳೆ.

ಎತ್ತರದ ಆಳು. ಹಳೇ ಮನೆಗಳ ಗಿಡ್ಡ ಬಾಗಿಲುಗಳಿಗೆ ತಲೆ ತಗ್ಗಿಸಿ ತಗ್ಗಿಸಿ, ಬಯಲಿನಲ್ಲಿ ನಡೆಯುವಾಗಲೂ ತಗ್ಗಿಸಿಯೇ ನಡೆಯುತ್ತಿದ್ದರು. ಕಿವಿಯ ಮೇಲೆ ಪೆನ್ಸಿಲ್, ಕಂಕುಳಲ್ಲಿ ಉದ್ದನೆಯ ರಿಜಿಸ್ಟರು, ಕೈಯಲ್ಲಿ ಟಾರ್ಚು. ಆಗೆಲ್ಲ ಮೀಟರುಗಳು ಮೆಟ್ಟಿಲ ಕೆಳಗೋ ಸೌದೆ ಗೂಡಿನ ಹಿಂದೋ ಇರುತ್ತಿದ್ದವು, ನಡುಹಗಲಲ್ಲೂ ಟಾರ್ಚು ಬೇಕು. ಅವರಿಗೆ ಜನರ ಹೆಸರು ನೆನಪಿರುತ್ತಿರಲಿಲ್ಲ. ಯಾವ ಮನೆಯ ಮೀಟರ್ ಎಲ್ಲಿದೆ ಅನ್ನುವುದು ಮಾತ್ರ ಒಂದೂ ಮರೆಯುತ್ತಿರಲಿಲ್ಲ. "ಮೆಟ್ಟಿಲ ಕೆಳಗಿನವರ ಮಗಳಿಗೆ ಗಂಡು ಗೊತ್ತಾಯ್ತಂತೆ" ಎನ್ನುವರು. "ಬಚ್ಚಲ ಗೋಡೆಯವರಿಗೆ ಹುಷಾರಿಲ್ಲ, ಪಾಪ" ಎನ್ನುವರು. ಒಂದು ಸಲ ನಮ್ಮ ಯಜಮಾನರು ಕೇಳಿದರು, "ಅಣ್ಣಾ, ನಿಮ್ಮ ಲೆಕ್ಕದಲ್ಲಿ ನಾವ್ಯಾರು?"

"ನೀವು ಒನಕೆ ಹಿಂದೆ."

ನಮ್ಮ ಮೀಟರಿಗೆ ಅಡ್ಡವಾಗಿ ನಮ್ಮತ್ತೆಯ ಒನಕೆ ನಿಂತಿರುತ್ತಿತ್ತು. ತಿಂಗಳಿಗೊಂದು ಸಲ ಅದನ್ನು ಎರಡೂ ಕೈಯಲ್ಲಿ ಎತ್ತಿ ಪಕ್ಕಕ್ಕಿಟ್ಟು, ಓದಿ, ಮತ್ತೆ ಇದ್ದಲ್ಲಿಯೇ ಇಟ್ಟು ಹೋಗುವರು.

ಬಸವನಗುಡಿಯಲ್ಲಿ ದೊಡ್ಡ ಮನೆಯವರೊಬ್ಬರು ಮೀಟರ್ ಹಿಂದಕ್ಕೆ ತಿರುಗುವ ಹಾಗೆ ಏನೋ ಮಾಡಿಸಿದ್ದರಂತೆ. ಇವರು ಹಿಡಿದರು. ಮನೆಯವರು ಕಾಫಿ ಕೊಟ್ಟು, ಕೂರಿಸಿ, ನೋಡಿಯೂ ನೋಡದ ಹಾಗಿರಿ ಎಂದರಂತೆ. "ತಿರುಗಿದ್ದು ತಿರುಗಿತು ಸ್ವಾಮಿ. ಹಿಂದಕ್ಕೆ ತಿರುಗಿಸೋದು ಕಳ್ಳತನ" ಎಂದು ಹೇಳಿ, ಕಾಫಿ ಅಲ್ಲೇ ಬಿಟ್ಟು ಬಂದರಂತೆ. "ಒಳ್ಳೇ ಕಾಫಿ ಇತ್ತು, ವಾಸನೆ ಚೆನ್ನಾಗಿತ್ತು" ಎಂದು ಎಷ್ಟೋ ದಿನ ಅದನ್ನೇ ಹೇಳುತ್ತಿದ್ದರು.

ಹಗಲು ಹೊತ್ತು ಲೈಟು ಉರಿಯುತ್ತಿದ್ದರೆ ಯಾರ ಮನೆಯಾದರೂ ಸರಿ, ಒಳಗೆ ಹೋಗಿ ತಾವೇ ಆರಿಸುವ ಮನುಷ್ಯ. ಅವರ ಮನೆಯ ಬಾಗಿಲ ಮೇಲಿನ ಬಲ್ಬು ಮಾತ್ರ ಹಗಲೂ ರಾತ್ರಿ ಉರಿಯುತ್ತಿತ್ತು. ಹೊಸದಾಗಿ ಬಾಡಿಗೆಗೆ ಬಂದವರು ಯಾರಾದರೂ, "ಲೈಟ್ ಆರ್ಸೋದು ಮರ್ತಿದೀರಾ" ಎಂದರೆ, ನಾವು ಯಾರಾದರೂ ಅವರ ಕೈ ಹಿಡಿದು ಪಕ್ಕಕ್ಕೆ ಎಳೆದುಕೊಳ್ಳುತ್ತಿದ್ದೆವು.

ಅವರಿಗೊಬ್ಬಳು ಮಗಳಿದ್ದಳು. ಒಂಬತ್ತು ವರ್ಷಕ್ಕೆ ಹೋದಳು. ಮೆದುಳು ಜ್ವರ, ಮೂರೇ ದಿನ. ಮೂರನೇ ದಿನ ಬೆಳಗ್ಗೆ ಸ್ವಲ್ಪ ಗೆಲುವಾಗಿದ್ದಳು. "ಅಪ್ಪ, ಇವತ್ತು ಹೋಗ್ಬೇಡ" ಎಂದಳು. ತಿಂಗಳ ಕೊನೆ, ಎರಡು ಬೀದಿ ಬಾಕಿ ಇತ್ತು. "ಬೇಗ ಬಂದ್ಬಿಡ್ತೀನಿ ಕಣೇ" ಎಂದು ಟಾರ್ಚು ತೆಗೆದುಕೊಂಡು ಹೋದರು. ನಾನು ನಲ್ಲಿಯ ಹತ್ತಿರ ಬಿಂದಿಗೆ ಇಟ್ಟುಕೊಂಡು ನಿಂತಿದ್ದೆ, ಆ ಮಾತು ನನ್ನ ಕಿವಿಯಲ್ಲಿ ಬಿದ್ದಿದೆ. ಮಧ್ಯಾಹ್ನ ಜ್ವರ ಏರಿತು. ಅಣ್ಣನ ಹೆಂಡತಿ, ನನಗೆ ಅತ್ತಿಗೆ, ಅವರೂ ನಾನೂ ಆಟೋದಲ್ಲಿ ಹಾಕಿಕೊಂಡು ಓಡಿದೆವು. ದಾರಿಯಲ್ಲೇ ಆಯಿತು. ಅವರು ಯಾವ ಬೀದಿಯ ಯಾವ ಮನೆಯ ಮೆಟ್ಟಿಲ ಕೆಳಗೆ ಇದ್ದಾರೆಂದು ಹುಡುಕಿ ಕರೆತರುವಷ್ಟರಲ್ಲಿ ದೀಪ ಹಚ್ಚುವ ಹೊತ್ತಾಗಿತ್ತು. ಕತ್ತಲೆ ಎಂದರೆ ಹೆದರುತ್ತಿದ್ದ ಹುಡುಗಿ ಅದು. ಆ ಬಲ್ಬು ಅವತ್ತಿನಿಂದ ಆರಿಲ್ಲ.

ನಾನು ಕೆಲಸ ಮಾಡುತ್ತಿದ್ದ ಬೈಂಡಿಂಗ್ ಅಂಗಡಿಯಿಂದ ಬಣ್ಣದ ಕಾಗದದ ಅಂಚಿನ ಚೂರುಗಳನ್ನು ಸೆರಗಿನಲ್ಲಿ ಕಟ್ಟಿ ತಂದು ಅವಳಿಗೆ ಕೊಡುತ್ತಿದ್ದೆ. ಅವನ್ನು ಹೆಣೆದು ಬಳೆ ಮಾಡಿಕೊಳ್ಳುತ್ತಿದ್ದಳು. ಅವಳು ಹೋದ ಮೇಲೂ ಎಷ್ಟೋ ದಿನ ಸಾಯಂಕಾಲ ಚೂರು ಕಟ್ಟಿಕೊಂಡು ಬಂದುಬಿಡುತ್ತಿದ್ದೆ. ವಠಾರದ ಬಾಗಿಲ ಹತ್ತಿರ ಬಂದಾಗ ನೆನಪಾಗುತ್ತಿತ್ತು. ಈಗಲೂ ಒಂದೊಂದು ದಿನ ಮೂರು ಗಂಟೆಯ ಹೊತ್ತಿಗೆ, ಎಲ್ಲರೂ ಮಲಗಿರುವಾಗ, ನಲ್ಲಿಯ ಕಟ್ಟೆಯ ಮೇಲಿಂದ ಯಾರೋ ಧುಮುಕಿದ ಸದ್ದಾಗುತ್ತದೆ. ಹೋಗಿ ನೋಡಿದರೆ ಬೆಕ್ಕೂ ಇರುವುದಿಲ್ಲ.

ನಮ್ಮ ಅಂಗಡಿ ಸುಲ್ತಾನ್‌ಪೇಟೆಯ ಒಂದು ಸಂದಿಯಲ್ಲಿತ್ತು. ಲಗ್ನಪತ್ರಿಕೆಯ ಕಾಲದಲ್ಲಿ ಲಗ್ನಪತ್ರಿಕೆ, ಉಳಿದ ಕಾಲದಲ್ಲಿ ಪುಸ್ತಕ. ಪುಸ್ತಕ ಅಂದರೆ ನಮಗೆ ಫಾರಂ. ಒಂದು ದೊಡ್ಡ ಹಾಳೆ ಎರಡೂ ಕಡೆ ಅಚ್ಚಾಗಿ ಬರುತ್ತದೆ, ಮೂರು ಸಲ ಮಡಚಿದರೆ ಹದಿನಾರು ಪುಟ, ಅದೊಂದು ಫಾರಂ. ಒಂದನೇ ಫಾರಮ್ಮಿನ ಗುಡ್ಡೆ, ಎರಡನೇದರ ಗುಡ್ಡೆ, ಹೀಗೆ ಗೋಡೆಯುದ್ದಕ್ಕೂ ಸಾಲಾಗಿ ಇಡುತ್ತಾರೆ. ನಾವು ಹೆಂಗಸರು ಒಂದೊಂದು ಗುಡ್ಡೆಯಿಂದ ಒಂದೊಂದು ಎತ್ತಿಕೊಂಡು ನಡೆಯುತ್ತಾ ಹೋಗುವುದು. ಗೋಡೆ ಮುಗಿದರೆ ಕೈಯಲ್ಲಿ ಒಂದು ಪುಸ್ತಕ. ದಿನಕ್ಕೆ ಎಷ್ಟು ಮೈಲಿ ನಡೆದೆವೋ. ಒಳಗೆ ಏನು ಬರೆದಿದೆ ಎಂದು ನೋಡುವ ಪುರುಸೊತ್ತು ಯಾರಿಗೂ ಇರಲಿಲ್ಲ, ನನಗಂತೂ ಆಗ ಸರಿಯಾಗಿ ಓದುವುದಕ್ಕೂ ಬರುತ್ತಿರಲಿಲ್ಲ.

ಕೆಲಸ ಮುಗಿದ ಮೇಲೆ ಗುಡ್ಡೆಗಳಲ್ಲಿ ಅಷ್ಟಿಷ್ಟು ಫಾರಂ ಉಳಿಯುತ್ತವೆ. ಅವುಗಳನ್ನು ಜೋಡಿಸಿದರೆ ಒಂದೋ ಎರಡೋ ಪುಸ್ತಕ ಹೆಚ್ಚಿಗೆ ಆಗುತ್ತದೆ, ಅದನ್ನು ನಾವು ತೆಗೆದುಕೊಂಡು ಹೋದರೆ ಓನರು ಬೇಡ ಅನ್ನುತ್ತಿರಲಿಲ್ಲ. ಮೀಟರ್ ಅಣ್ಣನಿಗೆ ಓದುವ ಹುಚ್ಚು. ಅದರಲ್ಲೂ ಯಂತ್ರದ ಕಥೆ, ಆಕಾಶದ ಕಥೆ. ಮಗಳು ಹೋಗಿ ಏಳು ವರ್ಷವಾಗಿತ್ತು. ಅಂಥದ್ದೊಂದು ಪುಸ್ತಕ ಅಂಗಡಿಗೆ ಬಂದಿದೆ ಎಂದು ಗೊತ್ತಾಗಿ, ಅವರಿಗಾಗಿ ಒಂದು ಮಾಡೋಣ ಎಂದು ಸಾಯಂಕಾಲ ಎಲ್ಲರೂ ಹೊರಟ ಮೇಲೆ ನಿಂತೆ. ಗುಡ್ಡೆಗಳನ್ನು ಅಷ್ಟರಲ್ಲಿ ಯಾರೋ ಗುಡಿಸುವುದಕ್ಕೆಂದು ಅತ್ತಿತ್ತ ಸರಿಸಿದ್ದರು. ನನಗೆ ಮನೆಗೆ ಹೋಗುವ ಆತುರ. ಹದಿಮೂರು ಫಾರಂ ಎಣಿಸಿಕೊಂಡೆ, ಹೊಲಿದೆ, ರಟ್ಟು ಹಾಕಿದೆ, ಬೆಳಗ್ಗೆ ಅಂಟು ಒಣಗಿದ ಮೇಲೆ ತಂದು ಕೊಟ್ಟೆ.

ಆ ಪುಸ್ತಕವನ್ನು ಅವರು ಓದಿದ್ದಲ್ಲ, ತಿಂದದ್ದು. ಭಾನುವಾರ ಬೆಳಗ್ಗೆ ನಲ್ಲಿಯ ಕಟ್ಟೆಯ ಮೇಲೆ ಕೂತು, ನೀರಿಗೆ ಬಂದವರಿಗೆಲ್ಲ ಜೋರಾಗಿ ಓದಿ ಹೇಳುತ್ತಿದ್ದರು. ಕಥೆ ಏನಪ್ಪಾ ಅಂದರೆ, ಒಬ್ಬ ಮುದುಕ ಒಂದು ಕುರ್ಚಿ ಕಂಡುಹಿಡಿದಿರುತ್ತಾನೆ. ಅದರಲ್ಲಿ ಕೂತರೆ ಹಿಂದೆ ಕಳೆದುಹೋದ ಯಾವ ದಿನಕ್ಕಾದರೂ ಹೋಗಬಹುದು. ಆದರೆ ಆ ದಿನ ಚೆನ್ನಾಗಿ ನೆನಪಿರಬೇಕು. ನೆನಪೇ ಅದಕ್ಕೆ ಸೀಮೆಎಣ್ಣೆ. ಹೋಗಿ ಬಂದಮೇಲೆ ಆ ನೆನಪು ಉರಿದು ಹೋಗಿರುತ್ತದೆ, ಮತ್ತೆ ಸಿಗುವುದಿಲ್ಲ. ಒಬ್ಬ ತನ್ನ ಮದುವೆಯ ದಿನಕ್ಕೆ ಹೋಗಬೇಕು ಅಂತ ಕೂರುತ್ತಾನೆ. ಅವನಿಗೆ ಆ ದಿನದ ಊಟ ಬಿಟ್ಟು ಬೇರೇನೂ ನೆನಪಿಲ್ಲ. ಕುರ್ಚಿ ಅವನನ್ನು ಅಡಿಗೆಯವರ ಮಧ್ಯೆ ಇಳಿಸುತ್ತದೆ. ಹಂಡೆ ತೊಳೆದು ವಾಪಸ್ ಬರುತ್ತಾನೆ. ಇದನ್ನು ಓದಿದ ದಿನ ಅಣ್ಣ ತೊಡೆ ತಟ್ಟಿಕೊಂಡು ನಕ್ಕು ನಕ್ಕು ಕನ್ನಡಕ ತೆಗೆದಿಟ್ಟರು.

ಆಮೇಲೆ ವಠಾರದಲ್ಲಿ ಅದೇ ಆಟ. ನನ್ನನ್ನೂ ಬಿಡಲಿಲ್ಲ. "ರತ್ನಮ್ಮ, ನಿಮ್ಮನ್ನ ಮದುವೆ ದಿನಕ್ಕೆ ಕಳಿಸ್ಬೇಕು. ಏನ್ ಬಣ್ಣದ ಸೀರೆ ಹೇಳಿ."

"ಹಸಿರು ಅಣ್ಣ. ಕೆಂಪಂಚು."

"ಧಾರೆ ಎರೀವಾಗ ಎಡಗಡೆ ಯಾರು ನಿಂತಿದ್ರು?"

"ಯಾರಿಗ್ಗೊತ್ತು. ತಲೆ ಬಗ್ಗಿಸ್ಕೊಂಡು ಕೂತಿದ್ದೆ."

"ಹಾಗಾದ್ರೆ ನಿಮ್ಮನ್ನ ಕಳಿಸಕ್ಕಾಗಲ್ಲ. ಬರೀ ಸೀರೆ ಹೋಗುತ್ತೆ."

ಕಥೆಯ ಮುಖ್ಯ ಮನುಷ್ಯ ಮಗಳನ್ನು ಕಳೆದುಕೊಂಡ ಒಬ್ಬ ತಂದೆ. ಅದು ಬಂದಾಗ ಅಣ್ಣ ಜೋರಾಗಿ ಓದುವುದನ್ನು ನಿಲ್ಲಿಸಿ, ಪುಸ್ತಕ ತೆಗೆದುಕೊಂಡು ಒಳಗೆ ಹೋದರು. 

ಎರಡು ದಿನ ಬಿಟ್ಟು ಬೆಳಗ್ಗೆಯೇ ನಮ್ಮ ಬಾಗಿಲಿಗೆ ಬಂದರು. ಆ ಮುಖವನ್ನು ಅಲ್ಲಿಯವರೆಗೆ ನಾನು ಕಂಡಿರಲಿಲ್ಲ, ಒಳಗಡೆಯಿಂದ ಯಾರೋ ಟಾರ್ಚು ಬಿಟ್ಟ ಹಾಗಿತ್ತು. "ರತ್ನಮ್ಮ, ನೀವು ಓದಲ್ಲ ಅಂತ ಗೊತ್ತು, ಆದ್ರೂ ನೋಡಿ. ನೀವೇ ಕೊಟ್ಟ ಪುಸ್ತಕ" ಎಂದು ಕೊನೆಯ ಕಡೆ ತೆಗೆದು ತೋರಿಸಿದರು.

"ಆ ತಂದೆ ಕೊನೇ ಸಲ ಕುರ್ಚೀಲಿ ಕೂತಿದಾನೆ. ಅಷ್ಟರಲ್ಲಿ ಅವನಿಗೆ ಮಗಳು ಪೂರ್ತಿ ಮರೆತೇಹೋಗಿದಾಳೆ. ಬೆಂಚಿನ ಮೇಲೆ ಕೂತು, ಆಡ್ತಿರೋ ಒಂದು ಮಗು ನೋಡಿ, ಯಾರ ಮಗುವೋ ಅಂತ ಕೇಳ್ತಾನೆ. ಮುಗಿಯಿತು ಅಂತ ಅಚ್ಚಾಗಿದೆ, ನೋಡಿ, ಇಲ್ಲಿ. ಓದಿ ನನಗೆ ಎದೆ ನಿಂತುಹೋಯ್ತು. ಆದ್ರೆ ಮುಗಿಯಿತು ಅಂದ್ಮೇಲೂ ಪುಸ್ತಕ ಇದೆ! ಇನ್ನೂ ಹದಿನಾರು ಪುಟ ಇದೆ! ಅವನು ವಾಪಸ್ ಹೋಗ್ತಾನೆ. ಪುಟದ ನಂಬರೂ ಹಿಂದೆ ಹೋಗುತ್ತೆ ನೋಡಿ, ಇನ್ನೂರ ಎಂಟಾದ್ಮೇಲೆ ನೂರ ಎಪ್ಪತ್ತೇಳು. ಏನ್ ತಲೆ ಈ ಬರೆದವನದು! ಬಾಗಿಲಲ್ಲಿ ಅವಳು ನಿಂತಿದಾಳೆ. ಕೊನೇ ಸಾಲು ಕೇಳಿ. 'ಅವಳು ಅಪ್ಪನ ಕೈ ಹಿಡಿದು ಒಳಗೆ'. ಅಷ್ಟೇ. ಪೂರ್ಣವಿರಾಮನೂ ಹಾಕಿಲ್ಲ. ಅಂದ್ರೆ ಇನ್ನೂ ನಡೀತಾನೇ ಇದೆ."

ನನಗೆ ಸರಿಯಾಗಿ ಓದಲು ಬಾರದಿದ್ದರೂ ಅಂಕಿ ಬರುತ್ತಿತ್ತು. ಫಾರಂ ಜೋಡಿಸುವವರಿಗೆ ಬೇಕಾದದ್ದು ಅದೊಂದೇ. ಹನ್ನೆರಡನೇ ಫಾರಂ ಹದಿಮೂರರ ಹಿಂದೆ ಕೂತಿತ್ತು. ಹೊಲಿದವಳು ನಾನು. ಬರೆದವರ ಪುಸ್ತಕದಲ್ಲಿ ತಂದೆ ಮಗಳನ್ನು ಬಾಗಿಲಲ್ಲಿ ನೋಡುತ್ತಾನೆ, ಆಮೇಲೆ ಅದಕ್ಕೆ ಬೆಲೆಯಾಗಿ ಅವಳನ್ನು ಮರೆಯುತ್ತಾನೆ, ಮುಗಿಯಿತು. ಸತ್ತ ಮಗುವನ್ನು ಕೊನೆಗೆ ತಂದು ಬಾಗಿಲಲ್ಲಿ ನಿಲ್ಲಿಸಿದ್ದು ನನ್ನ ಆತುರ.

"ಚೆನ್ನಾಗಿದೆ ಅಣ್ಣ" ಎಂದೆ.

ಆಗ ಹೇಳಿದ್ದರೆ ಸುಲಭವಿತ್ತು. ಹೇಳಲಿಲ್ಲ. ದಿನ ಹೋದ ಹಾಗೆ ಅವರು ಬೇರೆ ಮನುಷ್ಯರಾದರು. ಶಿಳ್ಳೆ ಹಾಕುತ್ತಾ ನೀರು ಹಿಡಿಯುವರು. ನಮ್ಮ ಮನೆಯಲ್ಲಿ ಹಿತಕಿದ ಬೇಳೆ ಸಾರು ಕುದಿಯುವಾಗ ಬಾಗಿಲ ಹತ್ತಿರ ಬಂದು, "ಒನಕೆ ಮನೆಯವರೆ, ಈ ವಾಸನೆಗೆ ನನ್ನ ಮೀಟರ್ ಓಡ್ತಾ ಇದೆ" ಎನ್ನುವರು. ಅವರ ಮನೆಯಲ್ಲಿ ಬೆಳ್ಳುಳ್ಳಿ ತಿನ್ನುವುದಿಲ್ಲ. ಒಂದು ಲೋಟದಲ್ಲಿ ಕೊಟ್ಟರೆ ಕಾಫಿ ಕುಡಿದ ಹಾಗೆ ನಿಂತು ಕುಡಿದು, ಬಾಯಿ ಮುಕ್ಕಳಿಸಿ ಹೋಗುವರು. ಮಗಳ ವಿಷಯವನ್ನೂ ಆಡತೊಡಗಿದರು. ಅದಕ್ಕೆ ಮುಂಚೆ ಏಳು ವರ್ಷ ಆ ಹೆಸರು ಅವರ ಬಾಯಲ್ಲಿ ಬಂದದ್ದನ್ನು ನಾನು ಕೇಳಿರಲಿಲ್ಲ. ನಾನು ನಗುತ್ತಿದ್ದೆ, ಒಳಗೆ ಸುಡುತ್ತಿತ್ತು. ಇದು ನಿಂತಿರುವುದು ನನ್ನ ತಪ್ಪು ಹೊಲಿಗೆಯ ಮೇಲೆ, ಎಂದಾದರೂ ಬಿಚ್ಚಿಕೊಂಡರೆ ಈ ಮನುಷ್ಯ ಮತ್ತೆ ಅಲ್ಲಿಗೇ ಹೋಗಿ ಬೀಳುತ್ತಾರಲ್ಲ ಎಂದು.

ಅಷ್ಟರಲ್ಲಿ ಅಣ್ಣ ಆ ಪುಸ್ತಕ ಬರೆದವರಿಗೊಂದು ಕಾಗದ ಬರೆದರು. ನೀಲಿ ಇನ್‌ಲ್ಯಾಂಡ್ ಲೆಟರು. "ನಿಮ್ಮ ಓನರಿಗೆ ಅವರ ವಿಳಾಸ ಗೊತ್ತಿರುತ್ತೆ, ಬರೆಸಿ ಡಬ್ಬಕ್ಕೆ ಹಾಕ್ಬಿಡಿ" ಎಂದು ನನ್ನ ಕೈಗೆ ಕೊಟ್ಟರು. ಊಟದ ಹೊತ್ತಿನಲ್ಲಿ ಬೆರಳಿಟ್ಟು ಒಂದೊಂದೇ ಅಕ್ಷರ ಕೂಡಿಸಿ ಓದಿದೆ. ನನ್ನ ಜೀವನದಲ್ಲಿ ನಾನು ಪೂರ್ತಿ ಓದಿದ ಮೊದಲನೇ ಕಾಗದ ಅದು. "ಮುಗಿಯಿತು ಎಂದ ಮೇಲೂ ನೀವು ಹದಿನಾರು ಪುಟ ಕೊಟ್ಟಿರಿ. ನಿಮ್ಮ ಕೈಗೆ ನಮಸ್ಕಾರ" ಎಂದಿತ್ತು. ಇದು ತಲುಪಿದರೆ ಬರೆದವರು ಏನೆಂದು ಉತ್ತರ ಕೊಡುತ್ತಾರೆ? ವಿಳಾಸ ಬರೆಸಲಿಲ್ಲ. ಮನೆಗೆ ತಂದು ಅಕ್ಕಿ ಡಬ್ಬದ ತಳದಲ್ಲಿಟ್ಟೆ.

ಅವರು ಪೋಸ್ಟ್‌ಮ್ಯಾನಿಗೆ ಕಾಯತೊಡಗಿದರು. ಒಂದು ತಿಂಗಳು, ಎರಡು ತಿಂಗಳು. "ದೊಡ್ಡವರು, ಪುರುಸೊತ್ತಿರಲ್ಲ" ಎನ್ನುವರು. ನಾನು ಅನ್ನಕ್ಕಿಡಲು ಡಬ್ಬಕ್ಕೆ ಕೈ ಹಾಕಿದಾಗೆಲ್ಲ ಬೆರಳಿಗೆ ಆ ಕಾಗದ ತಾಗುತ್ತಿತ್ತು. ಒಂದು ಶನಿವಾರ ನಲ್ಲಿಯ ಹತ್ತಿರ ಹೇಳಿದರು, "ಅವರ ಮನೆ ಮಲ್ಲೇಶ್ವರದಲ್ಲಂತೆ ರತ್ನಮ್ಮ. ನಾಳೆ ನಾನೇ ಹೋಗ್ತೀನಿ. ಪುಸ್ತಕನೂ ತಗೊಂಡ್ಹೋಗಿ ಕೈಯೆತ್ತಿ ಮುಗಿದು ಬರ್ತೀನಿ."

ಇನ್ನು ಇಟ್ಟುಕೊಳ್ಳಲು ಆಗಲಿಲ್ಲ. ಬೇರೆಯವರ ಬಾಯಲ್ಲಿ, ಗುರುತಿಲ್ಲದ ಮನೆಯ ಬಾಗಿಲಲ್ಲಿ ನಿಂತು ಅವರು ಇದನ್ನು ಕೇಳಬಾರದು. ಬಿಂದಿಗೆ ಕೆಳಗಿಟ್ಟು ಎಲ್ಲ ಹೇಳಿದೆ. ಅವರು ಮೀಟರ್ ಓದುವಾಗಿನ ಹಾಗೆ ತಲೆ ತಗ್ಗಿಸಿ ಕೇಳಿದರು.

"ಹನ್ನೆರಡು, ಹದಿಮೂರು. ಹಿಂದುಮುಂದು."

"ಹೌದಣ್ಣ."

"ಕಾಗದ?"

"ಅಕ್ಕಿ ಡಬ್ಬದಲ್ಲಿದೆ."

"ಪುಸ್ತಕದ್ದು ಕೈತಪ್ಪು. ಕಾಗದದ್ದು ಕೈತಪ್ಪಲ್ಲ" ಎಂದು ಎದ್ದು ಹೋದರು.

ನಾಲ್ಕು ತಿಂಗಳು ನಮ್ಮ ಜೊತೆ ಮಾತಾಡಲಿಲ್ಲ. ಮೀಟರ್ ಓದಲು ಬರುವರು, ಒನಕೆ ಎತ್ತಿಡುವರು, ಬರೆದುಕೊಳ್ಳುವರು, ಒನಕೆ ಮತ್ತೆ ಇದ್ದಲ್ಲಿಗೆ ಇಡುವರು. ಶಿಳ್ಳೆ ನಿಂತಿತು. ನಾನು ಕಾಗದವನ್ನು ಅತ್ತಿಗೆಯ ಕೈಗೆ ಕೊಟ್ಟು ಬಂದೆ, ಏನೆಂದು ಅವರಿಗೂ ಹೇಳಲಿಲ್ಲ. ಆ ಬಲ್ಬಿನ ಕೆಳಗೆ ಹಾದುಹೋಗುವಾಗ ನನಗೆ ಕತ್ತೆತ್ತಿ ನೋಡಲು ಆಗುತ್ತಿರಲಿಲ್ಲ. ಒಂದು ಮಗು ಎರಡು ಸಲ ಸತ್ತರೆ ಎರಡನೇ ಸಲದ್ದು ಯಾರ ತಲೆಗೆ?

ದೀಪಾವಳಿ ಕಳೆದ ಮೇಲೆ ಒಂದು ದಿನ ಸುಲ್ತಾನ್‌ಪೇಟೆಯ ಅಂಗಡಿಗೇ ಬಂದರು. ತಲೆ ತಗ್ಗಿಸಿ ಒಳಗೆ ಬಂದು, ಪುಸ್ತಕ ನನ್ನ ಮುಂದಿಟ್ಟು, "ಬಿಚ್ಚಿ ಸರಿಮಾಡಿ ಕೊಡಿ" ಎಂದರು. ಅವರು ನೋಡುತ್ತಿದ್ದ ಹಾಗೆಯೇ ರಟ್ಟು ಕಿತ್ತೆ, ದಾರ ಕತ್ತರಿಸಿದೆ, ಹನ್ನೆರಡನ್ನು ಮುಂದೆ ತಂದೆ, ಹದಿಮೂರನ್ನು ಹಿಂದೆ ಹಾಕಿ ಹೊಲಿದೆ. ಸೂಜಿ ಎರಡು ಸಲ ಬೆರಳಿಗೆ ಚುಚ್ಚಿತು. ಅವರು ಅಂಟು ಒಣಗುವವರೆಗೆ ಕಾದು ತೆಗೆದುಕೊಂಡು ಹೋದರು.

ಎಂಟು ದಿನಕ್ಕೆ ಮತ್ತೆ ಬಂದರು.

"ಮೊದಲಿದ್ದ ಹಾಗೇ ಹೊಲಿದುಬಿಡಿ."

"ಅಣ್ಣ, ಅದು ತಪ್ಪು."

"ಗೊತ್ತು. ಸರಿಯಾದ್ದನ್ನ ಪೂರ್ತಿ ಓದಿದೀನಿ. ಓದದೆ ಇದ್ದಿದ್ರೆ ನನಗೆ ನಾನೇ ಮೋಸ ಮಾಡ್ಕೊಂಡ ಹಾಗೆ. ಅದು ಬರೆದವರ ಪುಸ್ತಕ, ಅವರಿಗೆ ಗೌರವ ಇದೆ. ಇದು ನಾನು ಓದಿದ ಪುಸ್ತಕ." ಆಮೇಲೆ ಸ್ವಲ್ಪ ನಕ್ಕು, "ಬೇಗ ಮಾಡಿ, ಮೆಟ್ಟಿಲ ಕೆಳಗಿನವರದ್ದು ಬಾಕಿ ಇದೆ" ಎಂದರು.

ಮತ್ತೆ ಬಿಚ್ಚಿದೆ. ಈ ಸಲ ಬೇಕೆಂದೇ, ಒಂದೊಂದು ಹೊಲಿಗೆಯನ್ನೂ ಎಳೆದು ನೋಡಿ, ತಪ್ಪಾಗಿ ಹೊಲಿದೆ. ಮುಗಿಯಿತು ಎಂದು ಅಚ್ಚಾಗಿದ್ದ ಕಡೆ ಅವರು ಕಿವಿಯ ಪೆನ್ಸಿಲ್ ತೆಗೆದು ಕೆಳಗೆ ಸಣ್ಣದಾಗಿ 'ಮುಂದೆ ಓದಿ' ಎಂದು ಬರೆದರು. ಅವತ್ತಿನಿಂದ ಮಾತು ಮೊದಲಿನ ಹಾಗೆ ಆಯಿತು. ಆದರೆ ನನ್ನೊಳಗಿನದ್ದು ಹೋಗಲಿಲ್ಲ. ಅವರು ಒಳ್ಳೆಯವರು, ನನ್ನ ಮನಸ್ಸಿಗೆ ಸಮಾಧಾನವಾಗಲಿ ಎಂದು ಹಾಗೆ ಮಾಡಿದರೋ ಏನೋ, ಸರಿಯಾದದ್ದನ್ನು ಓದಿದ ಆ ಎಂಟು ದಿನ ಅವರ ಮೇಲೆ ಏನೇನು ಹಾದುಹೋಯಿತೋ ಎಂದು ಯೋಚನೆ. ಕೇಳುವ ಧೈರ್ಯ ಕೊನೆಯವರೆಗೂ ಬರಲಿಲ್ಲ. ಎಷ್ಟೋ ವರ್ಷದ ಮೇಲೆ, ಹೋದ ಶ್ರಾವಣದಲ್ಲಿ ಅವರನ್ನು ಎತ್ತಿಕೊಂಡು ಹೋಗುವಾಗಲೂ ಬಾಗಿಲ ಮೇಲೆ ಬಲ್ಬು ಉರಿಯುತ್ತಿತ್ತು. ನಾನು ಅದನ್ನೇ ನೋಡುತ್ತಾ ನಿಂತಿದ್ದೆ.

ವೈಕುಂಠ ಸಮಾರಾಧನೆ ಮುಗಿದ ಮೇಲೆ ಅತ್ತಿಗೆ ಆ ಪುಸ್ತಕವನ್ನು ಸಿಂಚನಳಿಗೆ ಕೊಟ್ಟರು. ಈಗಿನ ಮಕ್ಕಳಿಗೆ ಕಣ್ಣು ಚುರುಕು. ಒಂದು ವಾರದಲ್ಲಿ, "ಅಜ್ಜಿ, ಇದರಲ್ಲಿ ಪೇಜು ಉಲ್ಟಾ ಇದೆ" ಎಂದು ಬಂದಳು. ಅವಳಿಗೆ ಎಲ್ಲ ಹೇಳಿದೆ. ಅವಳು ಪೇಜು ನಂಬರು ನೋಡಿಕೊಂಡು ಇನ್ನೊಂದು ಸಲ ಸರಿಯಾದ ಕ್ರಮದಲ್ಲಿ ಓದಿದಳು. ಇವತ್ತು ವೇದಿಕೆಯ ಮೇಲೆ ಯಾವ ಕೊನೆ ಹೇಳುತ್ತಾಳೆಂದು ನನಗೂ ಗೊತ್ತಿರಲಿಲ್ಲ. ಬಾಗಿಲಲ್ಲಿ ನಿಂತ ಮಗುವನ್ನೇ ಹೇಳಿದಳು. ಬಹುಮಾನ ಕೊಟ್ಟ ಮೇಲೆ ತೀರ್ಪುಗಾರರಲ್ಲೊಬ್ಬ ವಯಸ್ಸಾದ ಟೀಚರು ನಮ್ಮ ಹತ್ತಿರ ಬಂದು, "ಕಾಲೇಜಲ್ಲಿದ್ದಾಗ ನಾನೂ ಓದಿದ್ದೆ ಮಗು. ಕೊನೆ ಹಾಗಿರಲಿಲ್ಲ ಅಂತ ನೆನಪು" ಎಂದರು.

"ಗೊತ್ತು ಮಿಸ್. ನಮ್ಮ ಪುಸ್ತಕದಲ್ಲಿ ಹೀಗೇ ಇದೆ" ಎಂದಳು ನನ್ನ ಮೊಮ್ಮಗಳು.

ಇಲ್ಲಿಯವರೆಗೆ ಬರೆದು ಎದ್ದೆ, ಅಡಿಗೆಗೆ ಹೊತ್ತಾಗಿತ್ತು. ಈಗ ಊಟವಾಗಿದೆ, ಆದದ್ದನ್ನು ಬರೆದು ಮಲಗುತ್ತೇನೆ.

ಅವರೆಕಾಯಿಯ ಕಾಲ. ಮಗ ಬರುವಾಗ ಮಾರ್ಕೆಟ್ಟಿನಿಂದ ಎರಡು ಕೇಜಿ ಸೊಗಡಿನ ಕಾಯಿ ತಂದಿದ್ದ. ಸೊಸೆ, ನಾನು, ಸಿಂಚನ ಕೂತು ಬಿಡಿಸಿ, ನೆನೆಸಿ, ಹಿತಕಿದೆವು. ಸಾರು ಬೇರೆ, ಒಬ್ಬಟ್ಟು ಬೇರೆ. ಅತ್ತಿಗೆಯನ್ನು ಕರೆಯಲು ಸಿಂಚನಳೇ ಹೋದಳು. ಅವರಿಗೆ ಬೆಳ್ಳುಳ್ಳಿ ಹಾಕದ ಸಾರು ಬೇರೆ ತೆಗೆದಿಟ್ಟಿದ್ದೆ. ಎಲ್ಲರೂ ನೆಲದ ಮೇಲೆ ಸಾ‌ಲಾಗಿ ಕೂತೆವು, ಪ್ರೈಜಿನ ಕಪ್ಪನ್ನು ಮಗ ಅನ್ನದ ಪಾತ್ರೆಯ ಪಕ್ಕದಲ್ಲೇ ಇಟ್ಟುಕೊಂಡಿದ್ದ.

ಸಿಂಚನ ಟೀಚರು ಕೇಳಿದ್ದನ್ನು ಹೇಳುತ್ತಾ ಹೇಳುತ್ತಾ, ನಾನು ಕಣ್ಣು ಬಿಟ್ಟರೂ ನಿಲ್ಲಿಸದೆ, ಫಾರಮ್ಮಿನ ವಿಷಯವನ್ನೂ ಹೇಳಿಬಿಟ್ಟಳು. "ಅಜ್ಜಿ ಇನ್ನೂ ಅದೇ ತಲೇಲಿ ಇಟ್ಕೊಂಡಿದಾಳೆ. ಮೀಟರ್ ತಾತನಿಗೆ ಅನ್ಯಾಯ ಮಾಡಿದ್ನೇನೋ ಅಂತ."

ನನ್ನ ಕೈಯಲ್ಲಿದ್ದ ಸೌಟು ಅಲ್ಲೇ ನಿಂತಿತು. ಅತ್ತಿಗೆ ತುತ್ತು ಕಲಸುತ್ತಿದ್ದವರು ನನ್ನ ಕಡೆ ನೋಡಿದರು.

"ರತ್ನ, ನಿಂಗೊಂದು ಹೇಳಿಲ್ಲ ನಾನು. ಮಗು ಹೋದ್ಮೇಲೆ ಅವರು ಸಾಯಂಕಾಲದ ಊಟಕ್ಕೆ ಕೂತಿರ್ಲಿಲ್ಲ. ಅವಳು ದಿನಾ ಅಪ್ಪನ ತಟ್ಟೇಲೇ ಉಣ್ತಿದ್ಲಲ್ಲ. ಏಳು ವರ್ಷ ಬರೀ ಮಜ್ಜಿಗೆ ಕುಡ್ದು ಮಲಗಿದಾರೆ. ನೀನು ಕೊಟ್ಟ ಪುಸ್ತಕ ಓದಿ ಮುಗಿಸಿದ ದಿನ ಅಡಿಗೆಮನೆಗೆ ಬಂದು, 'ತಟ್ಟೆ ಹಾಕೇ, ಹಸಿವಾಗ್ತಿದೆ' ಅಂದ್ರು. ನಂಗೆ ಕೈಕಾಲೇ ಆಡ್ಲಿಲ್ಲ. ಅನ್ನ ಬಿಟ್ರೆ ಏನೂ ಇರ್ಲಿಲ್ಲ, ಉಪ್ಪಿನಕಾಯಿಲೇ ಮೂರು ಸಲ ಹಾಕಿಸ್ಕೊಂಡ್ರು."

"ಸರಿಮಾಡಿ ಕೊಟ್ಟ ಮೇಲೆ?" ಎಂದೆ. ಮೂವತ್ತು ವರ್ಷದಿಂದ ಕೇಳಬೇಕೆಂದು ಇಟ್ಟುಕೊಂಡಿದ್ದು. "ಆ ಎಂಟು ದಿನ?"

"ಆಗ್ಲೂ ಉಂಡ್ರು. ಅಳ್ತಾ ಉಂಡ್ರು. ಆದ್ರೆ ಉಂಡ್ರು. ಆಮೇಲೆ ಒಂದು ಹೊತ್ತೂ ಬಿಡ್ಲಿಲ್ಲ, ಹೋಗೋ ದಿನದವರೆಗೆ."

ಸೊಸೆ ಎದ್ದು ಒಬ್ಬಟ್ಟಿನ ಮೇಲೆ ತುಪ್ಪ ಬಡಿಸಿಕೊಂಡು ಬಂದಳು. ಸಿಂಚನ ಮೆಲ್ಲಗೆ ತನ್ನ ತಟ್ಟೆ ಸರಿಸಿಕೊಂಡು ಅತ್ತಿಗೆಯ ಪಕ್ಕಕ್ಕೆ ಹೋಗಿ ಕೂತಳು. ಅತ್ತಿಗೆ ಬೆಳ್ಳುಳ್ಳಿ ಹಾಕಿದ ಸಾರಿನ ಪಾತ್ರೆಯ ಕಡೆ ಕೈ ತೋರಿಸಿ, "ಅವರು ಕದ್ದು ಕುಡೀತಿದ್ದಿದ್ದು ಇದೇ ತಾನೆ? ನಂಗೂ ಒಂದು ಸೌಟು ಹಾಕು, ಏನಂಥ ರುಚಿ ನೋಡೋಣ" ಎಂದರು.

ಹಾಕಿದೆ. ಅತ್ತಿಗೆ ಉಂಡರು, ನಾವೆಲ್ಲ ಉಂಡೆವು.